ಪೆಟ್ರೋಲ್ ಉಳಿತಾಯದ ಮರೀಚಿಕೆ

ಪೆಟ್ರೋಲಿನ ದರ ಲೀಟರಿಗೆ ನೂರು ರೂಪಾಯಿಯ ಆಸುಪಾಸಿನಲ್ಲಿ ನಿಂತಿರುವಾಗ, ಅದನ್ನು ಉಳಿಸಿಕೊಡುವೆವೆಂದು ಸಾರುವವರಿಗೆ ಕಿವಿಗೊಡುವವರು ಹೆಚ್ಚುವುದು ಸಹಜವೇ. ಇಂಧನದ ಕೊಳವೆಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ, ಗಾಳಿ ಒಳಸೇರುವ ದಾರಿಯಲ್ಲಿಡುವ ತಗಡಿನ ಚಕ್ರ, ನೀರಿನಿಂದ ಜಲಜನಕ ತೆಗೆದು ಎಂಜಿನಿಗೆ ಊಡಿಸುವ ಡಬ್ಬಿ, ಸ್ಟಿಯರಿಂಗಿನ ಕೆಳಗೆ ಚುಚ್ಚಿದೊಡನೆ ಮಿನುಗುವ ಪುಟ್ಟ ಪೆಟ್ಟಿಗೆ ಇವೇ ಮೊದಲಾದ ಸಾಧನಗಳು ನೂರಕ್ಕೆ ಇಪ್ಪತ್ತು ಮೂವತ್ತರ ಉಳಿತಾಯವನ್ನು ಆಶ್ವಾಸಿಸುತ್ತವೆ. ಕೋಯಂಬೇಡಿನಿಂದ ತರಕಾರಿ ತರುವ ಹೋಟೆಲಿನ ವ್ಯಾನಿಗೂ, ಕಂತಿನ ಮೇಲೆ ಕೊಂಡ ಹಳೆಯ ಕಾರಿಗೂ, ಗುಮಾಸ್ತರ ಸ್ಕೂಟರಿಗೂ ಒಂದೇ ಮದ್ದು! ತಿಂಗಳ ಸಂಬಳದಿಂದ ಇದಕ್ಕಾಗಿ ಹಣ ತೆಗೆಯುವ ಮೊದಲು ವಾಚಕ ಮಹಾಶಯರು ಒಂದು ಲೆಕ್ಕವನ್ನು ನೋಡಬೇಕೆಂದು ಕೋರುತ್ತೇವೆ.

ಎಂಜಿನಿನಲ್ಲಿ ಪೆಟ್ರೋಲು ಅರ್ಧಂಬರ್ಧ ಉರಿಯುತ್ತದೆ, ನಮ್ಮ ಸಾಧನ ಅದನ್ನು ಪೂರ್ತಿ ಉರಿಸುತ್ತದೆ ಎಂಬುದೇ ಈ ವ್ಯಾಪಾರಿಗಳ ಮೂಲಮಂತ್ರ. ಯಥಾರ್ಥವೇನೆಂದರೆ, ಸುಸ್ಥಿತಿಯಲ್ಲಿರುವ ಈಗಿನ ಕಾರಿನ ಎಂಜಿನಿನಲ್ಲಿ ನೂರಕ್ಕೆ 97 ಪಾಲಿಗೂ ಮಿಕ್ಕಿ ಪೆಟ್ರೋಲು ಉರಿದೇ ಹೋಗುತ್ತದೆ. ಉಳಿದ ಎರಡು ಮೂರು ಪಾಲನ್ನು ಕೊನೆಯ ಹನಿಯವರೆಗೆ ಉರಿಸಿದರೂ ಮೂವತ್ತು ಪಾಲಿನ ಉಳಿತಾಯ ಎಲ್ಲಿಂದ ಬಂದೀತು? ನಿಜವಾದ ನಷ್ಟ ಬೇರೆಡೆ ಇದೆ. ಒಲೆಯ ಮುಂದೆ ನಿಂತು ದುಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬರ್ನರಿನಲ್ಲಿ ಜ್ವಾಲೆ ನೀಲಿಯಾಗಿದ್ದರೆ ಗ್ಯಾಸು ಚೆನ್ನಾಗಿಯೇ ಉರಿಯುತ್ತಿದೆ. ಆದರೂ ಸಾಂಬಾರಿನ ಪಾತ್ರೆಗೆ ತಲಪುವ ಕಾವು ಒಂದು ಭಾಗ, ಅಡುಗೆಯವರನ್ನೇ ಬೇಯಿಸುವ ಕಾವು ಇನ್ನೊಂದು ಭಾಗ. ಎಂಜಿನಿನಲ್ಲಿಯೂ ಹಾಗೆಯೇ, ಬಹುಪಾಲು ಶಾಖ ಸೈಲೆನ್ಸರಿನ ಮೂಲಕವೂ ರೇಡಿಯೇಟರಿನ ಮೂಲಕವೂ ಹೊರಬಿದ್ದು, ಗಾಲಿಗಳಿಗೆ ದಕ್ಕುವುದು ಸುಮಾರು ಕಾಲು ಭಾಗ. ಹೊರಬಿದ್ದ ಶಾಖವನ್ನು ಕೊಳವೆಗೆ ಕಟ್ಟಿದ ಅಯಸ್ಕಾಂತ ಮರಳಿ ತರಲಾರದು. ಜಲಜನಕದ ಡಬ್ಬಿಗೆ ಬೇಕಾದ ವಿದ್ಯುತ್ತೂ ಅದೇ ಎಂಜಿನಿನಿಂದ, ಅದೇ ಪೆಟ್ರೋಲಿನಿಂದ ಬರತಕ್ಕದ್ದು. ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕುವಾಗ ನಡುದಾರಿಯಲ್ಲಿ ಸೋರುವುದೇ ಹೆಚ್ಚು.

"ನನ್ನ ಮಿತ್ರರು ಹಾಕಿಸಿಕೊಂಡರು, ಮೈಲೇಜು ಏರಿತು" ಎಂಬ ಮಾತೂ ಕೇಳಿಬರುತ್ತದೆ. ಆ ಮಿತ್ರರು ಸುಳ್ಳಾಡುತ್ತಿಲ್ಲ. ಹಣ ತೆತ್ತವರು ಮರುದಿನದಿಂದ ಮೆಲ್ಲಗೆ ಓಡಿಸುತ್ತಾರೆ. ಸಾಧನ ಕೂರಿಸುವ ಮೆಕ್ಯಾನಿಕ್ಕು ಅದರೊಡನೆ ಏರ್ ಫಿಲ್ಟರನ್ನೂ ಶುಚಿಮಾಡಿರುತ್ತಾನೆ. ಟ್ಯಾಂಕು ತುಂಬಿಸುವಾಗ ಅರ್ಧ ಲೀಟರು ಹೆಚ್ಚುಕಡಮೆಯಾದರೂ ಲೆಕ್ಕ ಬದಲಾಗುತ್ತದೆ. ನಂಬಿಕೆಯಿರುವವರು ಒಂದೇ ಬಂಕಿನಲ್ಲಿ ಟ್ಯಾಂಕು ಭರ್ತಿ ಮಾಡಿಸಿ, ಒಂದೇ ದಾರಿಯಲ್ಲಿ, ಸಾಧನ ಇದ್ದು ಕೆಲವು ಸಲ, ಇಲ್ಲದೆ ಕೆಲವು ಸಲ ಓಡಿಸಿ ಬರೆದಿಡಲಿ. ಸಾಧನ ಇದೆಯೋ ಇಲ್ಲವೋ ಎಂಬುದು ಓಡಿಸುವವರಿಗೆ ತಿಳಿಯದಿದ್ದರೆ ಇನ್ನೂ ಉತ್ತಮ.

ಕಣ್ಣಾರೆ ಕಂಡದ್ದೂ ಮೋಸಗೊಳಿಸಬಲ್ಲದೆಂಬುದಕ್ಕೆ ಈ ರಾಜ್ಯದಲ್ಲಿಯೇ ನಿದರ್ಶನವಿದೆ. 1996ರಲ್ಲಿ ರಾಜಪಾಳಯದ ಕಡೆಯ ರಾಮರ್ ಪಿಳ್ಳೆ ಎಂಬವರು ನೀರಿಗೆ ಮೂಲಿಕೆ ಹಾಕಿ ಕುದಿಸಿ ಪೆಟ್ರೋಲ್ ತೆಗೆಯುವೆನೆಂದು ಸಾರಿ ದೇಶವನ್ನೇ ಬೆರಗುಗೊಳಿಸಿದರು. ಪತ್ರಿಕೆಗಳು ಕೊಂಡಾಡಿದುವು, ವಿದ್ಯಾವಂತರೂ ತಲೆದೂಗಿದರು. ವಿಜ್ಞಾನಿಗಳು ನಿಗಾವಹಿಸಿ ನೋಡಿದಾಗ ಕಂಡುಬಂದದ್ದು, ಕಲಕುವ ಕೋಲು ಟೊಳ್ಳು, ಒಳಗೆ ಇಂಧನ, ತುದಿಗೆ ಮೇಣ. ಬಿಸಿಗೆ ಮೇಣ ಕರಗಿದರೆ ಪಾತ್ರೆಯಲ್ಲಿ ಪವಾಡ! ಮುಂದೆ ಅವರ ಹೆಸರಿನ ಇಂಧನ ಚೆನ್ನೈಯಲ್ಲಿ ಮಾರಾಟವೂ ಆಯಿತು. ಅದು ಟೊಲೀನ್, ನ್ಯಾಫ್ತಾ ಮುಂತಾದುವುಗಳ ಮಿಶ್ರಣವೆಂದು ಸಿ.ಬಿ.ಐ. ಆರೋಪಿಸಿತು, 2016ರಲ್ಲಿ ಎಗ್ಮೋರಿನ ಮೊದಲ ಹಂತದ ನ್ಯಾಯಾಲಯ ಮೂರು ವರ್ಷಗಳ ಸಜೆಯನ್ನು ವಿಧಿಸಿತು. ಪಾತ್ರೆಯನ್ನು ನೋಡಿದ ಸಾವಿರಾರು ಕಣ್ಣುಗಳು ಕೋಲನ್ನು ನೋಡಿರಲಿಲ್ಲ.

ಜಾಹೀರಾತಿನ ಮುದ್ರೆಗಳನ್ನೂ ಹೀಗೆಯೇ ನೋಡತಕ್ಕದ್ದು. ಐ.ಎಸ್.ಓ. ಪ್ರಮಾಣಪತ್ರ ಸಾಮಾನ್ಯವಾಗಿ ಕಾರ್ಖಾನೆಯ ಆಡಳಿತಕ್ರಮಕ್ಕೆ ಸಂಬಂಧಿಸಿದ್ದು, ಪೆಟ್ರೋಲಿನ ಉಳಿತಾಯಕ್ಕಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿ ನೋಂದಾಯಿತವೆಂಬುದೂ ಮೆಚ್ಚುಗೆಯ ಮಾತಲ್ಲ. ಆ ಸಂಸ್ಥೆಯೇ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿ, ಬೆರಳೆಣಿಕೆಯ ಕೆಲವಲ್ಲಿ ಮಾತ್ರ ಅತ್ಯಲ್ಪ ಪ್ರಯೋಜನವನ್ನು ಕಂಡಿತು. ಆದುದರಿಂದ ಪರೀಕ್ಷೆ ನಡೆಸಿದವರಾರು, ಯಾವ ವಾಹನದ ಮೇಲೆ, ವರದಿಯೆಲ್ಲಿ ಎಂದು ಕೇಳಬೇಕು. ಇಂಧನದ ಕೊಳವೆ ಅಥವಾ ವಯರುಗಳಿಗೆ ಕೈಯಿಟ್ಟರೆ ಕಾರಿನ ವಾರಂಟಿಗೂ ತೊಂದರೆಯಾದೀತು.

ಉಳಿತಾಯ ಬೇಕಾದವರಿಗೆ ಕೇಂದ್ರ ಸರಕಾರದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಹೇಳುತ್ತ ಬಂದಿರುವ ಉಪಾಯಗಳಿಗೆ ಖರ್ಚಿಲ್ಲ: ಗಂಟೆಗೆ 45ರಿಂದ 55 ಕಿಲೋಮೀಟರಿನ ವೇಗ, ಟೈರಿನಲ್ಲಿ ಸರಿಯಾದ ಗಾಳಿ, ಸಿಗ್ನಲಿನಲ್ಲಿ ಎಂಜಿನ್ ಆರಿಸುವುದು. ಈಗಾಗಲೇ ಹಣ ಕಳೆದುಕೊಂಡವರು ಸುಮ್ಮನಿರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾನೂನಿನಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೂ, ಮರುಕಳಿಸಿದರೆ 50 ಲಕ್ಷದವರೆಗೂ ದಂಡಕ್ಕೆ ಅವಕಾಶವಿದೆ. ಬಿಲ್ಲನ್ನೂ ಜಾಹೀರಾತಿನ ಪ್ರತಿಯನ್ನೂ ಇಟ್ಟುಕೊಂಡು 1915 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡಬಹುದು.