ಹೈಡ್ರೋಜನ್ ನೀರು: ಮೊದಲು ಪರೀಕ್ಷೆ, ಆಮೇಲೆ ಮಾರಾಟ!



ಸೊಲ್ಲಾಪುರ, ಅಕ್ಕಲಕೋಟ ಕಡೆ ನೆಗಡಿ-ಕೆಮ್ಮು ಶುರುವಾದರೆ ಪಾಲಕರು ಡಾಕ್ಟರಿಗಿಂತ ಮೊದಲು ನಮ್ಮನ್ನು ಕೇಳುತ್ತಾರೆ. "ಗುರೂಜಿ, ಹೈಡ್ರೋಜನ್ ನೀರು ಕುಡಿಸಿದರ ಹುಡುಗರ ಕೆಮ್ಮು ಹೋಗ್ತದಂತ, ಖರೇ ಏನ್ರಿ?" ಕೇಳುವವರು ಸಾವಿರ ಬೀಡಿ ಕಟ್ಟಿದರೆ ಇಷ್ಟು ಎಂದು ಕೂಲಿ ಎಣಿಸುವ ತಾಯಂದಿರು. ಆ ಬಾಟಲಿಯ ಬೆಲೆಯೋ ಸಾವಿರಾರು ರೂಪಾಯಿ!

"ನೀರು ತಾನೇ, ಕುಡಿದರೆ ಕೆಡೋದೇನು?" ಎನ್ನುವ ಜಾಣರೂ ಇದ್ದಾರೆ. ಕೆಡುವುದು ಮನೆಯ ಲೆಕ್ಕ ಸ್ವಾಮಿ! ನೀರು ನಂಬಿ ಕೂತು ದವಾಖಾನೆಗೆ ಹೋಗುವುದು ತಡವಾದರೆ ಮಗುವಿನ ಉಸಿರೂ ಕೆಡುತ್ತದೆ.

ಈ ಮಾತು ಹುಟ್ಟಿದ್ದೆಲ್ಲಿ ನೋಡಿ. ರಕ್ತಸಂಚಾರ ನಿಂತಾಗ ಮಿದುಳಿಗೆ ಆಗುವ ಹಾನಿ ಹೈಡ್ರೋಜನ್ ಅನಿಲ ಉಸಿರಾಡಿದ ಇಲಿಗಳಲ್ಲಿ ಕಡಿಮೆಯಾಯಿತೆಂದು 2007ರಲ್ಲಿ ಜಪಾನಿನ ಸಂಶೋಧಕರು 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬರೆದರು. ಅಲ್ಲಿ ಬಾಟಲಿಯೂ ಇಲ್ಲ, ಕೆಮ್ಮೂ ಇಲ್ಲ. 2020ರಲ್ಲಿ ಚೀನಾದ ಕೋವಿಡ್ ಮಾರ್ಗಸೂಚಿಯಲ್ಲಿ ಹೈಡ್ರೋಜನ್-ಆಕ್ಸಿಜನ್ ಮಿಶ್ರಣದ ಹೆಸರು ಬಂತು, ಅದೂ ಮೂಗಿನಿಂದ ಎಳೆದುಕೊಳ್ಳುವ ಅನಿಲ. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಹೈಡ್ರೋಜನ್ ಸುಮಾರು 1.6 ಮಿಲಿಗ್ರಾಂ ಅಷ್ಟೇ. ತೆರೆದಿಟ್ಟರೆ ಅದೂ ಹಾರಿಹೋಗುತ್ತದೆ.

ಹಾಗಂತ ಬರೀ ನಗುವವರ ಸಾಲಿಗೂ ನಾನು ಸೇರುವುದಿಲ್ಲ. ಅಷ್ಟರಿಂದಲೇ ಗುಣವಿದ್ದರೂ ಇದ್ದೀತು, ಪರೀಕ್ಷಿಸಿ ತೋರಿಸಿ! ಇದನ್ನು ಪರೀಕ್ಷಿಸುವುದು ಬಹಳ ಔಷಧಿಗಳಿಗಿಂತ ಸುಲಭ. ಹೈಡ್ರೋಜನ್‌ಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಅದೇ ನೀರನ್ನು ರಾತ್ರಿಯಿಡೀ ತೆರೆದಿಟ್ಟು ಅನಿಲ ಬಿಡಿಸಿ. ಚೀಟಿ ಎತ್ತಿ ಅರ್ಧ ರೋಗಿಗಳಿಗೆ ತಾಜಾ ನೀರು, ಉಳಿದವರಿಗೆ ಈ ಸಪ್ಪೆ ನೀರು ಕೊಡಿ. ಯಾರಿಗೆ ಯಾವುದೆಂದು ರೋಗಿಗೂ ಡಾಕ್ಟರಿಗೂ ತಿಳಿಯಬಾರದು. ಕೆಮ್ಮು ಎಷ್ಟು ದಿನ ಇತ್ತು, ಆಕ್ಸಿಜನ್ ಎಷ್ಟು ಮಂದಿಗೆ ಬೇಕಾಯಿತು ಎಂದು ಬರೆದಿಡಿ. ಈ ಹೋಲಿಕೆ ಇಲ್ಲದಿದ್ದರೆ ಏನೂ ತಿಳಿಯದು. ನೆಗಡಿ ವಾರದಲ್ಲಿ ತಾನಾಗಿ ಹೋಗುವ ರೋಗ, ಆ ವಾರ ಬೇವಿನ ಕಡ್ಡಿ ಜಗಿದರೂ ಕೀರ್ತಿ ಕಡ್ಡಿಗೇ!

ಕೋವಿಡ್‌ನಲ್ಲಿ ಪ್ಲಾಸ್ಮಾಕ್ಕಾಗಿ ಜನ ಎಷ್ಟು ಓಡಾಡಿದರು, ನೆನಪಿದೆಯೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿತು. ರೋಗ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ಶೇ. 19, ಪಡೆಯದವರಲ್ಲಿ ಶೇ. 18! ಫಲಿತಾಂಶ 2020ರ ಅಕ್ಟೋಬರದಲ್ಲೇ ಪ್ರಕಟವಾಯಿತು. ಆದರೂ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೋದದ್ದು 2021ರ ಮೇ ತಿಂಗಳಲ್ಲಿ. ನಡುವೆ ಎರಡನೇ ಅಲೆ ಬಂದು, ಬಡವರೂ ಸಾಲ ಮಾಡಿ ಅದರ ಹಿಂದೆ ಓಡಿದರು.

ಪರೀಕ್ಷಿಸದೆ ಮಾರುವುದೂ ಪ್ರಯೋಗವೇ. ಖರ್ಚು ಮಾತ್ರ ರೋಗಿಯದು, ಮೇಲಾಗಿ ಫಲಿತಾಂಶ ಬರೆದಿಡುವವರೂ ಇಲ್ಲ. ನಮ್ಮ ಸೊಲ್ಲಾಪುರದಲ್ಲೇ ಡಾ. ವೈಶಂಪಾಯನ ಸ್ಮಾರಕ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ ಇದೆ. ಮಾರುವವರು ತಮ್ಮ ಖರ್ಚಿನಲ್ಲಿ ಅಂಥ ಕಡೆ ಪರೀಕ್ಷೆ ಮಾಡಿಸಲಿ. 2009ರಿಂದ ನಮ್ಮ ದೇಶದಲ್ಲಿ ಇಂಥ ಪರೀಕ್ಷೆಗಳನ್ನು ಮೊದಲೇ ನೋಂದಾಯಿಸಬೇಕು. ಪಾಲಕರ ಸಭೆಗೆ ಬಾಟಲಿ ಹಿಡಿದು ಬಂದವರನ್ನು ಆ ನೋಂದಣಿ ಸಂಖ್ಯೆ ಕೇಳಿ. ಕೊಟ್ಟರೆ ಬರೆದುಕೊಳ್ಳಿ, ನಾನೇ ತೆಗೆದು ಓದಿ ಹೇಳುತ್ತೇನೆ. ಮಗು ಏದುಸಿರು ಬಿಡುತ್ತಿದ್ದರೆ ಮಾತ್ರ ಯಾರನ್ನೂ ಕೇಳುತ್ತ ಕೂರಬೇಡಿ, ನೇರ ಸಿವಿಲ್ ಆಸ್ಪತ್ರೆಗೆ ಹೋಗಿ.