ಪುಸ್ತಕ ದಾನವೂ ಓದಿನ ಹಕ್ಕೂ

ಅಮೆರಿಕದ ಡೆಟ್ರಾಯಿಟ್ ನಗರ ನಮ್ಮ ಓದುಗರಿಗೆ ಮೋಟಾರು ಕಾರುಗಳ ಮೂಲಕ ಪರಿಚಿತ. ಫೋರ್ಡ್ ಕಂಪನಿ ಹುಟ್ಟಿದ ಊರು ಅದು. 1950ರಲ್ಲಿ ಹದಿನೆಂಟು ಲಕ್ಷವನ್ನು ಮೀರಿದ್ದ ಅಲ್ಲಿನ ಜನಸಂಖ್ಯೆ 2020ರ ಜನಗಣತಿಯ ವೇಳೆಗೆ ಆರು ಲಕ್ಷದ ನಲವತ್ತು ಸಾವಿರಕ್ಕೂ ತುಸು ಕಡಿಮೆಯಾಗಿತ್ತು. ಕಾರ್ಖಾನೆಗಳು ಮುಚ್ಚಿದವು, ಅನುಕೂಲಸ್ಥರು ಹೊರವಲಯಗಳಿಗೆ ತೆರಳಿದರು, 2013ರ ಜುಲೈ ತಿಂಗಳಲ್ಲಿ ನಗರಾಡಳಿತವೇ ತಾನು ದಿವಾಳಿಯೆಂದು ನ್ಯಾಯಾಲಯದ ಮೊರೆಹೊಕ್ಕಿತು. ಸಾಲ ತೀರಿಸಲು ನಗರದ ಕಲಾಸಂಗ್ರಹಾಲಯದ ಚಿತ್ರಗಳನ್ನು ಮಾರಬೇಕೇ ಎಂಬ ಚರ್ಚೆಯೂ ಆಗ ನಡೆಯಿತು.

ಅಂತಹ ಊರಿನಲ್ಲಿ 2014ರಿಂದ ಬೀದಿಬದಿಯಲ್ಲಿ ಸಣ್ಣ ಸಣ್ಣ ಮರದ ಪೆಟ್ಟಿಗೆಗಳು ಕಾಣಿಸಿಕೊಳ್ಳತೊಡಗಿದವು. ಕಂಬದ ಮೇಲೆ ಗೂಡಿನಂತೆ ನಿಂತ ಪೆಟ್ಟಿಗೆ, ಅದಕ್ಕೊಂದು ಗಾಜಿನ ಬಾಗಿಲು, ಒಳಗೆ ಇಪ್ಪತ್ತು ಮೂವತ್ತು ಪುಸ್ತಕಗಳು. ಬೇಕಾದವರು ಒಯ್ಯಬಹುದು, ಇದ್ದವರು ಇಡಬಹುದು, ಸದಸ್ಯತ್ವವಿಲ್ಲ, ದಂಡವಿಲ್ಲ. ಪತ್ರಕರ್ತೆಯೊಬ್ಬರು ಮುಂದೆ ನಿಂತು ನಡೆಸಿದ ಈ ಕಾರ್ಯ, ನಗರದ ದೂರವಾಣಿ ಸಂಕೇತವಾದ 313ಕ್ಕೆ ಸರಿಯಾಗಿ ಅಷ್ಟೇ ಪೆಟ್ಟಿಗೆಗಳ ಗುರಿಯಿಟ್ಟುಕೊಂಡು ಹೊರಟಿತ್ತು. ಈ ಕಲ್ಪನೆಯ ಮೂಲ ವಿಸ್ಕಾನ್ಸಿನ್ ರಾಜ್ಯದ ಹಡ್ಸನ್ ಎಂಬ ಪುಟ್ಟ ಊರು. ಅಲ್ಲಿ ಟಾಡ್ ಬೋಲ್ ಎಂಬವರು 2009ರಲ್ಲಿ, ಶಾಲಾ ಶಿಕ್ಷಕಿಯಾಗಿದ್ದ ತಮ್ಮ ತಾಯಿಯ ನೆನಪಿಗಾಗಿ ಮನೆಯ ಮುಂದೆ ಇಂತಹ ಮೊದಲ ಪೆಟ್ಟಿಗೆಯನ್ನು ನಿಲ್ಲಿಸಿದರು. ಕೋಟ್ಯಧಿಪತಿ ಆಂಡ್ರೂ ಕಾರ್ನೆಗಿ ಕಟ್ಟಿಸಿದ ಗ್ರಂಥಾಲಯಗಳ ಸಂಖ್ಯೆ 2,509. ಅದನ್ನು ಮೀರಿಸಬೇಕೆಂಬ ಹಂಬಲ ಅವರದಾಗಿತ್ತು. ಕೆಲವೇ ವರ್ಷಗಳಲ್ಲಿ ಮೀರಿಸಿಯೂಬಿಟ್ಟರು.

ಇಂತಹ ಗೂಡುಗಳಿಗೆ ಪುಸ್ತಕ ತಂದಿಡುವವರಲ್ಲಿ ಲೇಖಕರೂ ಇದ್ದಾರೆ. ನಮ್ಮ ಗಮನ ಸೆಳೆದದ್ದು ಈ ಅಂಶ. ಓದಿ ಮುಗಿಸಿದ ಪುಸ್ತಕವನ್ನು ಕೊಡುವ ಓದುಗನು ತನಗೆ ಬೇಡವಾದುದನ್ನು ಕೊಡುತ್ತಾನೆ. ಲೇಖಕನಾದರೋ ತಾನು ಬೆವರು ಸುರಿಸಿ ಬೆಳೆದುದನ್ನೇ ಕೊಡುತ್ತಾನೆ. ಬರೆದು ಬದುಕುವವರು ಅಮೆರಿಕದಲ್ಲಿಯೂ ವಿರಳ. ನಮ್ಮ ಕನ್ನಡದ ಸ್ಥಿತಿಯನ್ನಂತೂ ಹೇಳಬೇಕಾಗಿಲ್ಲ: ಗೌರವಧನದ ಬದಲು ಪ್ರತಿಗಳನ್ನೇ ಕಟ್ಟು ಕಟ್ಟಿ ಲೇಖಕನ ಮನೆಗೆ ಕಳುಹಿಸುವ ಪ್ರಕಾಶಕರು ಇಲ್ಲಿ ಕಡಿಮೆಯೇನಿಲ್ಲ, ಆ ಕಟ್ಟುಗಳು ಮಂಚದ ಕೆಳಗೆ ಮುದಿಯಾಗುವುದೂ ಅಪರೂಪವಲ್ಲ. ಆದುದರಿಂದ ಲೇಖಕನ ದಾನವನ್ನೆಲ್ಲ ನಾವು ಕಣ್ಣುಮುಚ್ಚಿ ಕೊಂಡಾಡಲಾರೆವು. ಮಾರಾಟವಾಗದ ಪ್ರತಿಗಳಿಂದ ಮನೆ ತೆರವು ಮಾಡಿಕೊಳ್ಳುವುದು ಒಂದು, ಇಂತಹ ಓದುಗನಿಗೆ ಇದು ತಲಪಲಿ ಎಂದು ಬಯಸಿ ಕೊಡುವುದು ಮತ್ತೊಂದು.

ಎರಡನೆಯ ಬಗೆಯ ಕೊಡುಗೆಗೆ ಡೆಟ್ರಾಯಿಟಿನಲ್ಲಿಯೇ ಹಿರಿಯ ಮಾದರಿಯೊಂದಿದೆ. ಡಡ್ಲಿ ರಾಂಡಲ್ ಎಂಬ ಕಪ್ಪು ಜನಾಂಗದ ಕವಿ ಯೌವನದಲ್ಲಿ ಫೋರ್ಡ್ ಕಾರ್ಖಾನೆಯ ಎರಕದ ಮನೆಯಲ್ಲಿ ದುಡಿದು, ಅಂಚೆ ಇಲಾಖೆಯಲ್ಲಿದ್ದು, ಆನಂತರ ಗ್ರಂಥಪಾಲಕರಾದವರು. 1965ರಲ್ಲಿ ಅವರು ಬ್ರಾಡ್‌ಸೈಡ್ ಪ್ರೆಸ್ ಎಂಬ ಪುಟ್ಟ ಪ್ರಕಾಶನವನ್ನು ಆರಂಭಿಸಿ, ಒಂದೊಂದು ಹಾಳೆಯಲ್ಲಿ ಒಂದೊಂದು ಕವಿತೆಯನ್ನು ಅಚ್ಚುಹಾಕಿ ಅಗ್ಗವಾಗಿ ಹಂಚತೊಡಗಿದರು. ರಾಬರ್ಟ್ ಹೇಡನ್, ಮಾರ್ಗರೆಟ್ ವಾಕರ್ ಮೊದಲಾದ ಹೆಸರುವಾಸಿ ಕವಿಗಳು ತಮ್ಮ ಕವಿತೆಗಳನ್ನು ಅಚ್ಚುಹಾಕಲು ಅನುಮತಿಯಿತ್ತರು. 1950ರಲ್ಲಿಯೇ ಪುಲಿಟ್ಜರ್ ಪ್ರಶಸ್ತಿ ಪಡೆದಿದ್ದ ಗ್ವೆಂಡೊಲಿನ್ ಬ್ರೂಕ್ಸ್ ನ್ಯೂಯಾರ್ಕಿನ ದೊಡ್ಡ ಪ್ರಕಾಶಕರನ್ನು ಬಿಟ್ಟು, 1969ರಲ್ಲಿ ತಮ್ಮ ಹೊಸ ಕೃತಿಯನ್ನು ಈ ಬಡ ಪ್ರಕಾಶನಕ್ಕೆ ಒಪ್ಪಿಸಿದರು. ಪ್ರತಿಯೊಂದನ್ನು ಕೊಡುವುದಕ್ಕಿಂತ ಇದು ದೊಡ್ಡದು. ತಮ್ಮ ಹೆಸರಿನ ಬಲವನ್ನೇ ಅವರು ಅಲ್ಲಿ ಇಟ್ಟರು.

ಇಷ್ಟಾದರೂ ಈ ನಗರದ ಕತೆಯಲ್ಲಿ ನಮ್ಮನ್ನು ಕಾಡುವ ಅಂಶ ಬೇರೆಯಿದೆ. ಅಲ್ಲಿ ಪುಸ್ತಕಗಳಿಗೇ ಅಭಾವವಿತ್ತೆಂದು ಹೇಳುವಂತಿಲ್ಲ. ರೈಲು ನಿಲ್ದಾಣದ ಪಕ್ಕದಲ್ಲಿದ್ದ ಶಾಲಾ ಪುಸ್ತಕಗಳ ಉಗ್ರಾಣಕ್ಕೆ 1987ರಲ್ಲಿ ಬೆಂಕಿ ಬಿತ್ತು. ಸುಡದೆ ಉಳಿದ ಪುಸ್ತಕಗಳನ್ನೂ ಯಾರೂ ಎತ್ತಿಕೊಳ್ಳಲಿಲ್ಲ. ಮಳೆಗೆ ನೆನೆದು ಕೊಳೆತು ಮಣ್ಣಾದ ಆ ರಾಶಿಯಲ್ಲಿ ಗಿಡಮರಗಳು ಬೇರುಬಿಟ್ಟವು. ಮಕ್ಕಳು ಪಠ್ಯಪುಸ್ತಕವಿಲ್ಲದೆ ಕುಳಿತ ಊರಿನಲ್ಲಿ ಪಠ್ಯಪುಸ್ತಕಗಳೇ ಗೊಬ್ಬರವಾದವು.

ಇನ್ನೊಂದು ಸಂಗತಿ ಕಥೋಲಿಕರಾದ ನಮಗೆ ತುಸು ಹೆಚ್ಚಾಗಿಯೇ ನಾಟಬೇಕು. 1798ರಲ್ಲಿ ಡೆಟ್ರಾಯಿಟಿಗೆ ಬಂದ ಫ್ರೆಂಚ್ ಗುರು ವಂದನೀಯ ಗೇಬ್ರಿಯಲ್ ರಿಷಾರ್ 1809ರಲ್ಲಿ ಅಲ್ಲಿಗೊಂದು ಮುದ್ರಣಯಂತ್ರವನ್ನು ತರಿಸಿದರು. ಅದರಲ್ಲಿ ಮೊತ್ತಮೊದಲು ಅಚ್ಚಾದವುಗಳಲ್ಲಿ ಮಕ್ಕಳ ಕಾಗುಣಿತದ ಪುಸ್ತಕವೂ ಒಂದು. 1817ರಲ್ಲಿ ಪ್ರೆಸ್ಬಿಟೇರಿಯನ್ ಬೋಧಕ ಜಾನ್ ಮಾಂಟೀತರ ಜೊತೆಗೂಡಿ ಇಂದಿನ ಮಿಷಿಗನ್ ವಿಶ್ವವಿದ್ಯಾಲಯದ ಬೀಜ ಬಿತ್ತಿದವರೂ ಅವರೇ. ಸಭಾಭೇದಗಳು ಕಟುವಾಗಿದ್ದ ಕಾಲದಲ್ಲಿ ಇಬ್ಬರು ಪಾದ್ರಿಗಳು ವಿದ್ಯೆಗಾಗಿ ಕೈಜೋಡಿಸಿದ್ದು ಸಣ್ಣ ಮಾತಲ್ಲ. ಆ ಇಬ್ಬರ ಹೆಸರಿನಲ್ಲಿಯೂ ನಗರದ ಸಾರ್ವಜನಿಕ ಗ್ರಂಥಾಲಯದ ಒಂದೊಂದು ಶಾಖೆಯಿತ್ತು. 2011ರ ಅಂತ್ಯದಲ್ಲಿ ಹಣವಿಲ್ಲವೆಂದು ಮುಚ್ಚಲು ನಿರ್ಧರಿಸಿದ ನಾಲ್ಕು ಶಾಖೆಗಳಲ್ಲಿ ಅವೆರಡೂ ಸೇರಿದ್ದವು.

ಹಣ ಏಕೆ ಇರಲಿಲ್ಲ? ಅಲ್ಲಿನ ಗ್ರಂಥಾಲಯ ನಡೆಯುವುದು ಮುಖ್ಯವಾಗಿ ಆಸ್ತಿ ತೆರಿಗೆಯ ಒಂದು ಪಾಲಿನಿಂದ. ಜನರು ಊರು ಬಿಟ್ಟು, 2008ರ ಬಿಕ್ಕಟ್ಟಿನಲ್ಲಿ ಮನೆಗಳ ಬೆಲೆ ನೆಲಕಚ್ಚಿದಾಗ, ಗ್ರಂಥಾಲಯದ ಆದಾಯವೂ ಕುಸಿಯಿತು. ಅಂದರೆ ಬಡತನ ಹೆಚ್ಚಿದ ಕಾಲದಲ್ಲಿಯೇ ಬಡವರ ಗ್ರಂಥಾಲಯ ಮುಚ್ಚುವಂತೆ ಏರ್ಪಾಡಾಗಿದೆ. ಈಚೆಗೆ ನಗರದ ಮಧ್ಯಭಾಗ ಮತ್ತೆ ಕಳೆಗಟ್ಟುತ್ತಿದೆ. ಗಿಡ ಬೆಳೆದಿದ್ದ ಆ ಉಗ್ರಾಣವೂ ದುರಸ್ತಿಗೊಂಡು 2023ರಲ್ಲಿ ಹೊಸ ಉದ್ಯಮಗಳ ನೆಲೆಯಾಗಿ ತೆರೆಯಿತು. ಆದರೆ ಮಧ್ಯಭಾಗದಲ್ಲಿ ಹೆಚ್ಚಿದ ತೆರಿಗೆಯಲ್ಲಿ ಗ್ರಂಥಾಲಯಕ್ಕೆ ಸಲ್ಲಬೇಕಾದ ಒಂದಂಶವನ್ನು ಅಭಿವೃದ್ಧಿ ಸಂಸ್ಥೆಗಳು ತಮ್ಮ ಕಾಮಗಾರಿಗಳಿಗೆ ತಿರುಗಿಸಿಕೊಳ್ಳುವ ವ್ಯವಸ್ಥೆ ಅಲ್ಲಿನ ಕಾನೂನಿನಲ್ಲಿದೆ.

ಇಲ್ಲಿ ದಾನಕ್ಕೂ ನ್ಯಾಯಕ್ಕೂ ಇರುವ ಗೆರೆಯನ್ನು ನಾವು ಸ್ಪಷ್ಟವಾಗಿ ಎಳೆಯಬೇಕಾಗುತ್ತದೆ. ಪ್ರತಿಯೊಬ್ಬನಿಗೂ ಅವನದನ್ನು ಸಲ್ಲಿಸುವುದೇ ನ್ಯಾಯವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂಬಂತೆ ಕೊಡಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತ ಕಾರ್ಯವನ್ನು ಕುರಿತ ತನ್ನ ಆದೇಶಪತ್ರದಲ್ಲಿ ಎಚ್ಚರಿಸಿತು. ಓದಲು ಕಲಿಯುವುದು ಮಗುವಿಗೆ ಸಲ್ಲಬೇಕಾದುದೋ, ಯಾರಾದರೂ ಕರುಣಿಸಿದರೆ ದೊರೆಯುವುದೋ? 2016ರಲ್ಲಿ ಡೆಟ್ರಾಯಿಟಿನ ಶಾಲಾ ಮಕ್ಕಳ ಪರವಾಗಿ ಇದೇ ಪ್ರಶ್ನೆ ನ್ಯಾಯಾಲಯದ ಮೆಟ್ಟಲೇರಿತು. 2020ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಪೀಠ, ಅಕ್ಷರ ಕಲಿಯುವ ಅವಕಾಶ ಸಂವಿಧಾನ ಕೊಟ್ಟ ಹಕ್ಕೆಂದು ಬಹುಮತದಿಂದ ಹೇಳಿತು. ಮರುತಿಂಗಳೇ ಉಭಯ ಪಕ್ಷಗಳು ರಾಜಿಗೆ ಬಂದವು. ವಿಷಯ ಪೂರ್ಣಪೀಠದ ಮುಂದೆ ಹೋದುದರಿಂದ ಆ ತೀರ್ಪು ಊರ್ಜಿತವಾಗಿ ಉಳಿಯಲಿಲ್ಲ. ಉಳಿಯದಿದ್ದುದು ನಷ್ಟವೆಂದೇ ನಮ್ಮ ಎಣಿಕೆ.

ಹಾಗಾದರೆ ಲೇಖಕರು ಪೆಟ್ಟಿಗೆಗಳಿಗೆ ಪುಸ್ತಕವಿಡುವುದನ್ನು ನಿಲ್ಲಿಸಬೇಕೆ? ಖಂಡಿತ ಇಲ್ಲ. ನ್ಯಾಯಾಲಯದ ತೀರ್ಪು ಬರುವ ತನಕ ಏಳು ವರ್ಷದ ಮಗು ಏಳು ವರ್ಷದ್ದಾಗಿಯೇ ಕಾದಿರುವುದಿಲ್ಲ. ಇಂದು ಸಂಜೆ ಅದರ ಕೈಗೊಂದು ಕತೆಪುಸ್ತಕ ಬೇಕು, ಪೆಟ್ಟಿಗೆ ಅದನ್ನು ಕೊಡುತ್ತದೆ. ಆದರೆ ಪೆಟ್ಟಿಗೆಯಲ್ಲಿ ಗ್ರಂಥಪಾಲಕನಿಲ್ಲ, ಕುಳಿತು ಓದಲು ಬೆಂಚಿಲ್ಲ, ಚಳಿಗೆ ಬೆಚ್ಚನೆಯ ಕೋಣೆಯಿಲ್ಲ, ಕಳೆದ ವಾರ ಓದಿದ ಪುಸ್ತಕದ ಮುಂದಿನ ಭಾಗ ಅಲ್ಲಿರುವುದೆಂಬ ಭರವಸೆಯೂ ಇಲ್ಲ. ಆದುದರಿಂದ ಕೊಡುವ ಲೇಖಕನಿಂದ ನಾವು ಇನ್ನೆರಡನ್ನು ಅಪೇಕ್ಷಿಸುತ್ತೇವೆ. ಕೊಡುವ ಮೊದಲು, ಅಲ್ಲಿ ಓದುವವರು ಯಾರು, ಅವರಿಗೆ ಬೇಕಾದುದೇನು ಎಂದು ಆತನು ಕೇಳಲಿ. ಕೊಟ್ಟ ಮೇಲೆ, ಶಾಖೆಗಳು ಮುಚ್ಚುವ ಸಭೆಯಲ್ಲಿ ಎದ್ದುನಿಂತು ಮಾತನಾಡಲಿ. ಲೇಖಕನ ಮಾತನ್ನು ಪತ್ರಿಕೆಗಳು ಅಚ್ಚುಹಾಕುತ್ತವೆ. ಪೆಟ್ಟಿಗೆಯ ಮುಂದೆ ನಿಂತ ಮಗುವಿನ ಮಾತನ್ನು ಅಚ್ಚುಹಾಕುವವರಿಲ್ಲ.

ದೂರದ ಊರಿನ ಈ ಚರ್ಚೆ ನಮಗೇಕೆ ಎನ್ನುವವರಿಗೆ ಒಂದು ಮಾತು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯೂ 1965ರದೇ. ಇಲ್ಲಿಯೂ ಗ್ರಂಥಾಲಯಗಳಿಗೆ ಆಧಾರ ಆಸ್ತಿ ತೆರಿಗೆಯೇ: ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವನ್ನು ನಮ್ಮಿಂದ ವಸೂಲು ಮಾಡಲಾಗುತ್ತದೆ. ವಸೂಲಾದ ಹಣ ಗ್ರಂಥಾಲಯಗಳಿಗೆ ಸಲ್ಲದೆ ಸ್ಥಳೀಯ ಆಡಳಿತಗಳಲ್ಲಿಯೇ ಉಳಿಯುತ್ತದೆಂಬ ದೂರು ಹಳೆಯದು. ಧರ್ಮಕೇಂದ್ರದ ಸಭಾಭವನದಲ್ಲಿ ಪುಸ್ತಕದ ಕಪಾಟನ್ನಿಡುವ ಉತ್ಸಾಹ ನಮ್ಮ ಯುವಕರಲ್ಲಿದೆ, ಅದು ಸಂತೋಷದ ವಿಷಯ. ಅದಕ್ಕೆ ಹಳೆಯ ಗೈಡುಗಳನ್ನೂ ಹರಿದ ವಾರಪತ್ರಿಕೆಗಳನ್ನೂ ತಂದು ಸುರಿಯದೆ, ಮಕ್ಕಳು ಓದುವಂತಹ ಎರಡು ಪುಸ್ತಕಗಳನ್ನು ಕೊಂಡುಕೊಟ್ಟರೆ ಸಾಕು. ಜೊತೆಗೆ ಈ ಸಲ ಆಸ್ತಿ ತೆರಿಗೆ ಕಟ್ಟಿದವರು ರಸೀದಿಯನ್ನು ಮಡಚಿಡುವ ಮೊದಲು ಗ್ರಂಥಾಲಯ ಕರವೆಂದು ನಮೂದಾದ ಮೊತ್ತವನ್ನು ನೋಡಿಕೊಂಡು, ಅದು ಎಲ್ಲಿಗೆ ಹೋಯಿತೆಂದು ನಿಮ್ಮ ವಾರ್ಡಿನ ಸದಸ್ಯರನ್ನು ಒಮ್ಮೆ ಕೇಳಿನೋಡಿ.