ಹೊಸ ದಾದಿಯ ಮೊದಲ ವರ್ಷ



ವಿದ್ಯೆಯು ಮುಗಿದ ದಿನವೇ ವೃತ್ತಿಯೂ ಕೈವಶವಾಗುವುದೆಂದು ನಾವು ಗೃಹಸ್ಥರು ಸಾಮಾನ್ಯವಾಗಿ ಭಾವಿಸುತ್ತೇವೆ. ಬಹುಕಾಲ ಪಾಠ ಹೇಳಿದ ನಾನೂ ಹಾಗೆಯೇ ಭಾವಿಸಿದ್ದೆನು. ಅದು ತಪ್ಪೆಂದು ನನಗೆ ಕಲಿಸಿದವಳು ನನ್ನ ತಂಗಿಯ ಮಗಳು.

ಆಕೆಯು ನಾಲ್ಕು ವರ್ಷಗಳ ನರ್ಸಿಂಗ್ ಪದವಿಯನ್ನು ಉತ್ತಮ ಶ್ರೇಣಿಯಲ್ಲಿ ಮುಗಿಸಿ, ಪಟ್ಟಣದ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿ ಸೇರಿದಳು. ಮೂರನೆಯ ತಿಂಗಳಲ್ಲಿ ನಮ್ಮ ಮನೆಗೆ ಬಂದವಳು ಊಟದ ಎಲೆಯ ಮುಂದೆ ಕುಳಿತು, “ಮಾವ, ಈ ಕೆಲಸ ನನ್ನಿಂದಾಗದು” ಎಂದು ಕಣ್ಣೀರಿಟ್ಟಳು. ವಿದ್ಯಾರ್ಥಿನಿಯಾಗಿದ್ದಾಗ ಬೆನ್ನಹಿಂದೆ ಶಿಕ್ಷಕಿಯಿರುತ್ತಿದ್ದಳು. ಈಗ ರಾತ್ರಿಯ ಪಾಳಿಯಲ್ಲಿ ಹಲವು ಹಾಸಿಗೆಗಳ ಹೊಣೆ ಆಕೆಯದೇ. ಒಂದು ರಾತ್ರಿ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರು. ಔಷಧವು ಯಾರಿಗೆಂದು ಸಂಶಯ ಬಂದು ಹಿರಿಯಳೊಬ್ಬಳನ್ನು ಕೇಳಲು, “ಇಷ್ಟೂ ತಿಳಿಯದೆ ಪದವಿ ಹೇಗೆ ಪಡೆದೆ?” ಎಂಬ ಉತ್ತರವು ಎಲ್ಲರೆದುರು ಬಂದಿತು. “ಮರುದಿನ ಇನ್ನೊಂದು ಸಂಶಯ ಬಂದಾಗ ಕೇಳಲು ಬಾಯಿಯೇ ಬರಲಿಲ್ಲ, ಮಾವ. ಕೆಡುಕೇನೂ ಆಗಲಿಲ್ಲ, ಆದರೆ ಆಗಬಹುದಾಗಿತ್ತು” ಎಂದಳು.

ಆ ಮಾತು ನನಗೆ ನಾಟಿತು. ಏಕೆಂದರೆ ಅದಕ್ಕೆ ಹಿಂದಿನ ವರ್ಷ ನನ್ನ ಪತ್ನಿಯು ಆಸ್ಪತ್ರೆಯಲ್ಲಿದ್ದಾಗ, ಎಳೆಯ ದಾದಿಯೊಬ್ಬಳಿಗೆ ಮೊದಲ ಪ್ರಯತ್ನದಲ್ಲಿ ರಕ್ತನಾಳವು ಸಿಕ್ಕದಿರಲು, “ಬಲ್ಲವರನ್ನು ಕಳುಹಿಸು” ಎಂದು ಗದರಿದವನು ನಾನೇ.

ಇದು ನಮ್ಮ ಹುಡುಗಿಯೊಬ್ಬಳ ದೌರ್ಬಲ್ಯವಲ್ಲ. ಕಲಿತ ಆದರ್ಶಕ್ಕೂ ವಾರ್ಡಿನ ನಿಜಸ್ಥಿತಿಗೂ ಇರುವ ಅಂತರದಿಂದ ಹೊಸ ದಾದಿಯರು ತತ್ತರಿಸಿ ವೃತ್ತಿಯನ್ನೇ ತೊರೆಯುವುದನ್ನು ಅಮೆರಿಕದ ಮಾರ್ಲೀನ್ ಕ್ರೇಮರ್ ಎಂಬ ವಿದುಷಿಯು 1974ರ ತಮ್ಮ ಗ್ರಂಥದಲ್ಲಿ ವಿವರಿಸಿ, ಅದನ್ನು ‘ವಾಸ್ತವದ ಆಘಾತ’ವೆಂದು ಕರೆದರು. ಅದೇ ದೇಶದ ಪೆಟ್ರೀಷಿಯಾ ಬೆನ್ನರ್ ಎಂಬವರು 1984ರಲ್ಲಿ ದಾದಿಯು ನುರಿಯುವ ದಾರಿಯಲ್ಲಿ ಐದು ಮೆಟ್ಟಿಲುಗಳನ್ನು ಗುರುತಿಸಿದರು. ಅವುಗಳಲ್ಲಿ ಮೂರನೆಯದನ್ನು ಏರುವುದಕ್ಕೇ ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷಗಳು ಬೇಕೆಂದರು. ನಮ್ಮ ಚರಕಸಂಹಿತೆಯು ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವಗಳೆಂಬ ನಾಲ್ಕು ಗುಣಗಳನ್ನು ವಿಧಿಸಿದೆ. ಜ್ಞಾನವನ್ನೂ ದಕ್ಷತೆಯನ್ನೂ ಅಲ್ಲಿ ಬೇರೆ ಬೇರೆಯಾಗಿ ಎಣಿಸಿರುವುದನ್ನು ಗಮನಿಸಬೇಕು. ಮೊದಲನೆಯದನ್ನು ಕಾಲೇಜು ಕೊಡಬಲ್ಲದು. ಎರಡನೆಯದು ರೋಗಿಯ ಮಗ್ಗುಲಲ್ಲಿಯೇ ಬರತಕ್ಕುದು.

ಆದಕಾರಣ ಹೊಸಬಳ ಪ್ರಶ್ನೆಯು ಅಜ್ಞಾನದ ಗುರುತಲ್ಲ, ರೋಗಿಯ ರಕ್ಷೆ. ಆ ಪ್ರಶ್ನೆಗೆ ನಾಚಿಕೆಯ ಬೀಗವನ್ನು ಹಾಕಿದವರು ಹಿರಿಯ ದಾದಿಯರಾಗಲಿ, ನಮ್ಮಂತಹ ಬಂಧುಗಳಾಗಲಿ, ಮುಂದಿನ ಪ್ರಮಾದದಲ್ಲಿ ಪಾಲುಗಾರರೇ ಸರಿ. ಔಷಧವನ್ನು ಕೊಡುವ ಮುನ್ನ ಹೆಸರಿನೊಡನೆ ಹುಟ್ಟಿದ ದಿನಾಂಕವನ್ನೋ ನೋಂದಣಿಸಂಖ್ಯೆಯನ್ನೋ ತಾಳೆ ನೋಡುವುದು ಸದಾಚಾರ. ಆಕೆಯು ಮತ್ತೆ ಮತ್ತೆ ಕೇಳಿದರೆ ಬೇಸರಿಸದೆ ಹೇಳಿರಿ. ದಿನದ ಕೆಲಸ ಮುಗಿಸಿ ಮನೆಗೆ ಬಂದ ಮಗಳಿಗೆ ಉಪದೇಶಕ್ಕಿಂತ ಮೊದಲು ಬಿಸಿ ಅನ್ನವನ್ನೂ ನಿದ್ದೆಯನ್ನೂ ಕೊಡಿರಿ.

ನಮ್ಮ ಹುಡುಗಿಗೆ ನಾನು ಹೇಳಿದುದಿಷ್ಟೆ: “ಬೈದರೂ ಕೇಳು.” ಆಕೆಯು ಕೆಲಸವನ್ನು ಬಿಡಲಿಲ್ಲ. ಈಗ ಎರಡನೆಯ ವರ್ಷ. ಮೊನ್ನೆ ನಡುರಾತ್ರಿಯಲ್ಲಿ ಹೊಸಬಳೊಬ್ಬಳು ಬಂದು ಸಂಶಯ ಕೇಳಲು, ತಾನೇ ಎದ್ದು ಅವಳೊಡನೆ ಹಾಸಿಗೆಯವರೆಗೂ ನಡೆದೆನೆಂದು ಫೋನಿನಲ್ಲಿ ಹೇಳಿದಳು. ನನಗೆ ಸಂತೋಷವಾಯಿತು. ನಾನು ಗದರಿದ ಆ ಹುಡುಗಿಯ ಜೊತೆಗೂ ಯಾರಾದರೂ ಹೀಗೆ ನಡೆದಿದ್ದಾರೆಯೆ ಎಂಬ ಚಿಂತೆ ಮಾತ್ರ ಉಳಿದಿದೆ.